ತಪ್ಪಾದ ಆ ಒಂದು ಉತ್ತರ

ಡಯಾಲಿಸಿಸ್ ಮುಗಿಸಿ ಹೊರಗಿನ ಬೆಂಚಿನಲ್ಲಿ ಕೂತು, ಸೂಜಿ ತೆಗೆದ ಜಾಗವನ್ನು ಹತ್ತಿಯಿಂದ ತಾನೇ ಒತ್ತಿಕೊಂಡಿದ್ದ ಮುದಿ ದರ್ಜಿಗೆ, ಬಾಗಿಲಾಚೆ ಕೈ ತೊಳೆಯುತ್ತಿದ್ದ ಇಬ್ಬರು ನರ್ಸುಗಳ ಮಾತು ಕಿವಿಗೆ ಬಿತ್ತು.

“ಸೋಂಕು ತಡೆಯೋ ತರಬೇತಿ ಪರೀಕ್ಷೇಲಿ ಎಷ್ಟು ಬಂತಕ್ಕಾ?”

“ಇಪ್ಪತ್ತಕ್ಕೆ ಹತ್ತೊಂಬತ್ತು.”

“ಹದಿನೈದು ವರ್ಷ ಸರ್ವೀಸಾಗಿ ನೀನೂ ತಪ್ಪು ಬರೆದ್ಯಾ?”

“ಸೂಜಿ ತೆಗೆದ್ಮೇಲೆ ಯಾರು ಒತ್ತಿ ಹಿಡೀಬೇಕು ಅಂತ ಕೇಳಿದ್ರು. ನಾನೇ ಅಂತ ಬರೆದೆ.”

“ಅಯ್ಯೋ, ಊರಲ್ಲಿ ಈ ಅಂಟುರೋಗ ಹಬ್ಬಿದ್ಮೇಲೆ ಪೇಶೆಂಟೇ ಒತ್ಕೋಬೇಕಲ್ಲಾ! ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣೇ. ಆ ಟೈಲರ್ ತಾತನ ಕೈನ ವಾರಕ್ಕೆ ಮೂರು ಸಲ, ಹತ್ತತ್ತು ನಿಮಿಷ ಹಿಡ್ಕೊಂಡು ಕೂರ್ತಿದ್ದೆ. ಅವರ ಕೈ ಮುಟ್ಟೋರು ಇನ್ಯಾರಿದಾರೆ ಹೇಳು?”

“ಮೆಲ್ಲಗೆ ಮಾತಾಡಕ್ಕಾ, ಗೋಡೆಗೂ ಕಿವಿ ಇರುತ್ತೆ.”

ಹೊಸ ಗ್ಲೌಸು ಹಾಕಿಕೊಂಡು ಇಬ್ಬರೂ ಒಳಗೆ ಹೋದರು.

ರಕ್ತ ಯಾವಾಗಲೋ ನಿಂತಿತ್ತು. ದರ್ಜಿ ಮಾತ್ರ ಬೆರಳು ಸಡಿಲಿಸಲಿಲ್ಲ.