ಅಪ್ಪನ ಹೊಲಿಗೆ

"ರಾತ್ರಿ ಏನೋ ಟಿಕ್ ಟಿಕ್ ಅಂತಿತ್ತಲ್ಲೇ, ಇಲೀನಾ?"

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ಅಣ್ಣ ತಂಗಿಯನ್ನು ಕೇಳಿದ. ಅವರ ಹಿಂದೆ ನಿಂತಿದ್ದವಳು ಬೇಡಬೇಡವೆಂದುಕೊಂಡೇ ಕಿವಿಗೊಟ್ಟಳು.

"ಇಲಿಯಲ್ಲ, ನಾನೇ. ಅಪ್ಪ ಹಗಲು ಹೊಲಿದದ್ದನ್ನ ಬಿಚ್ಚಿ, ನೆಟ್ಟಗೆ ಹೊಲೀತಿದ್ದೆ."

"ಅಯ್ಯೋ ಮಾರಾಯ್ತಿ! ಕೈ ಸುಧಾರಿಸ್ತಿದೆ ಅಂತ ಅವರು ಹಿಗ್ತಿದ್ದಾರಲ್ಲೇ!"

"ಬೆಳಿಗ್ಗೆ ಬೆರಳಲ್ಲಿ ಸವರಿ ನೋಡಿ ಹಿಗ್ತಾರೆ. ಕಣ್ಣೂ ಮಂಜು, ಗೊತ್ತಾಗಲ್ಲ."

"ನಿನಗ್ಯಾಕೆ ಈ ಉಸಾಬರಿ?"

"ಚಿಕ್ಕೋಳಿದ್ದಾಗ ನನ್ನ ಹೊಲಿಗೆ ಸೊಟ್ಟಗಾದ್ರೆ ಬೈತಿರಲಿಲ್ಲ. 'ಬಿಚ್ಚು ಮಗಳೇ, ಬಟ್ಟೆ ಎಲ್ಲೂ ಓಡಿಹೋಗಲ್ಲ' ಅಂತಿದ್ರು."

"ನಂಗೂ ಅಂದಿದ್ರು. ಬಟ್ಟೆ ಓಡ್ಲಿಲ್ಲ, ನಾನೇ ಓಡಿದೆ."

ತಂಗಿಗೆ ನಗು ಬಂದು ಅರ್ಧಕ್ಕೇ ನಿಂತಿತು.

"ಆ ಕೈ ಇನ್ನು ಬರೋದೇ ಇಲ್ಲ ಅಂದ್ಬಿಟ್ರಲ್ಲೋ ಡಾಕ್ಟರು."

"ಅಪ್ಪ ನೋಡಿದ್ರೆ ಬರೋ ವಾರ ಟೈಲರ್ ಅಂಗಡಿ ತೆಗೀತೀನಿ ಅಂತ ಬೋರ್ಡು ಒರೆಸಿಟ್ಟಿದ್ದಾರೆ. ಹೇಳ್ಬಿಡೋಣ ಕಣೇ. ಇದು ಎಲ್ಲೀವರೆಗೆ?"

"ಸಾಕು ಅನ್ನೋದನ್ನ ಅಪ್ಪ ನಂಗೆ ಕಲಿಸ್ಲೇ ಇಲ್ವಲ್ಲೋ."

ಕಿಟಕಿಯಿಂದ ಪೊಟ್ಟಣ ಬಂತು. ತಂಗಿ ಅದನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲ ಕಡೆ ಹೊರಡುತ್ತಾ ಅಣ್ಣನಿಗೆ ಹೇಳಿದಳು:

"ಅಮ್ಮ ಕೇಳಿದ್ರೂ ಇಷ್ಟೇ ಹೇಳು. ಮಾತ್ರೆ ಬದಲಾಯಿಸಿದ್ರು, ಬೇರೇನೂ ಅನ್ಲಿಲ್ಲ."