ಸುಮ್ಮನಿದ್ರೆ ಪಾಸು

...ಅಲ್ವೋ, ಈ ಪರೀಕ್ಷೆ ಹಾಳೆಗೆ ಒಂದು ಸೈನ್ ಹಾಕೋಕೆ ಇಷ್ಟೊತ್ತಾ? 'ಅಪಿಸಾಯ್' ಅಂತ ನನ್ನ ಹೆಸರಿದೆ ನೋಡು, ಅದರ ಕೆಳಗೆ 'ಪೊನಿಪಾಟೆ' ಅಂತ ನಿನ್ನದು ಗೀಚು, ಮುಗೀತು. ನಾಲ್ಕು ಗಂಟೆಗೆ ಕಂದಾವು ದ್ವೀಪದ ಹಡಗು ಹೊರಡುತ್ತೆ ಕಣೋ ಭಾವ. ಈ ಕಂಪ್ಯೂಟರ್ ಅದರಲ್ಲಿ ಹೋಗ್ಲಿಲ್ಲ ಅಂದ್ರೆ ಇನ್ನು ಹದಿನೈದು ದಿನ ಕಾಯ್ಬೇಕು.

ಏನು ಹಂಗೆ ಗುರಾಯಿಸ್ತೀಯ? ನನ್ನ ಮುಖ ಇವತ್ತೇನು ಹೊಸದಾ? ನಿಮ್ಮಪ್ಪ ನಮ್ಮಮ್ಮನ ಅಣ್ಣನಾಗಿ ಹುಟ್ಟಿದ್ದು ನನ್ನ ಕರ್ಮ! ನಮ್ಮ ಪೈಕಿ ಭಾವ ಭಾವ ಅಂದ್ರೆ ಬೈಬೇಕು, ಬೈಸ್ಕೋಬೇಕು, ಸಿಟ್ಟು ಮಾತ್ರ ಮಾಡ್ಕೋಬಾರ್ದು. ಬೆಳಗ್ಗೆಯಿಂದ ಹತ್ತು ಸಲ ಬೈದಿದ್ದೀನಿ, ಒಂದಕ್ಕೂ ತಿರುಗಿ ಬೈಲಿಲ್ಲ ನೀನು. ಏನು, ಮರಗೆಣಸು ಗಂಟಲಲ್ಲಿ ಸಿಕ್ಕಾಕ್ಕೊಂಡಿದ್ಯಾ?

ಓಹೋ... ಅರ್ಥ ಆಗ್ದೆ ಸೈನ್ ಹಾಕಲ್ಲ ಅಂತಾನಾ? ಆಯ್ತಪ್ಪಾ, ದಡ್ಡ ಶಿಖಾಮಣಿ, ಇನ್ನೊಂದ್ಸಲ ಹೇಳ್ತೀನಿ. ಕಂದಾವಿನಲ್ಲಿ ನಿನ್ನ ತಂಗಿ ವಾಸಿತಿ ನರ್ಸಾಗಿರೋ ಆಸ್ಪತ್ರೇಲಿ ಎರಡು ರೂಟರ್ ಇದಾವೆ. ಒಂದು ಆಕಾಶ ನೋಡೋ ಡಿಶ್ ತಟ್ಟೆಗೆ, ಇನ್ನೊಂದು ಗುಡ್ಡದ ಟವರಿಗೆ. ಈ ಕಂಪ್ಯೂಟರಿಗೆ ಗೊತ್ತಿರೋದು ಮೊದಲನೇದು ಮಾತ್ರ. ಪಟ್ಟಣದ ಡಾಕ್ಟರಿಗೆ ಕರೆ ಹಾಕಿದ್ರೆ ಅದರ ಹತ್ರಾನೇ ಓಡುತ್ತೆ. ಆಗ ಆ ರೂಟರ್ ಬಂದಿದ್ದನ್ನ ದಾಟಿಸಿ, 'ತಮ್ಮಾ, ಇನ್ಮೇಲೆ ನನ್ನ ಹತ್ರ ಬಂದು ಸುತ್ಬೇಡ, ಪಕ್ಕದವನ ಹತ್ರ ನೇರ ಹೋಗು, ಬೇಗ ಆಗುತ್ತೆ' ಅನ್ಬೇಕು. ಬಸ್ ಸ್ಟ್ಯಾಂಡಲ್ಲಿ ಒಳ್ಳೇ ಮನುಷ್ಯ ಹೇಳಲ್ವಾ, ಈ ಬಸ್ಸಲ್ಲ, ಆ ಬಸ್ಸು ಅಂತ... ಹಂಗೆ. ಕಂಪ್ಯೂಟರ್ ಅದನ್ನ ಕೇಳ್ಬೇಕು. ಕೇಳ್ತು! ಮೊದಲನೇ ಹಾಳೆಯ ಒಂಬತ್ತು ಪರೀಕ್ಷೆನೂ ಬುಧವಾರ ಊಟಕ್ಕೆ ಮುಂಚೆ ನೀನೇ ಪಕ್ಕದಲ್ಲಿ ಕೂತು ನೋಡ್ದೆ.

ಎರಡನೇ ಹಾಳೆನಾ? ಅದು ಊಟ ಆದ್ಮೇಲೆ, ನಾನೊಬ್ಬನೇ... ಒಬ್ಬನೇ ಮಾಡಿದ್ರೆ ಏನಂತೆ? ಹನ್ನೊಂದು ವರ್ಷದಿಂದ ಮಾಡ್ತಿದ್ದೀನಿ! ಅದು ಇನ್ನೂ ಸುಲಭ ಕಣೋ. ತಾನು ನಂಬಿರೋ ರೂಟರ್ ಹೇಳಿದ್ರೆ ಮಾತ್ರ ಕೇಳ್ಬೇಕು. ದಾರೀಲಿ ಹೋಗೋ ದಾಸಯ್ಯ ಬಂದು 'ಬಾ, ಈ ಕಡೆ ಬಾ' ಅಂದ್ರೆ ಕಿವಿಗೇ ಹಾಕ್ಕೋಬಾರ್ದು. ನಾವು ಬೇಕಂತ್ಲೇ ಸುಳ್ಳು ದಾರಿ ಕೂಗಿಸ್ತೀವಿ. ಸುಮ್ಮನಿದ್ರೆ ಪಾಸು. ಸುಮ್ಮನಿತ್ತು! ಹನ್ನೆರಡಕ್ಕೆ ಹನ್ನೆರಡು ಸಲಾನೂ ಗುಂಡುಕಲ್ಲಿನ ಹಂಗೆ ಕೂತಿತ್ತು.

ನಗ್ತೀಯಾ? ನಗು, ನಗು. ಆವತ್ತು ಸಂಜೆ ಮುನ್ಸಾಮಿ ಸಾಹೇಬ್ರು ಏನಂದ್ರು? 'ಅಪಿಸಾಯ್, ಒಂದೂ ತಪ್ಪಿಲ್ಲ!' ಅಂತ ಬೆನ್ನು ತಟ್ಟಿದ್ರು. ಹನ್ನೊಂದು ವರ್ಷದಲ್ಲಿ ಮೊದಲ ಸಲ! ಆ ಮನುಷ್ಯ ಸ್ವಂತ ಮಗಳ ಮದುವೆಯಲ್ಲೂ ಊಟಕ್ಕೆ ಉಪ್ಪು ಕಮ್ಮಿ ಅಂದವನು. ಕೇಕ್ ಬೇರೆ ತರಿಸಿದ್ರು. ಎರಡು ತುಂಡು ನುಂಗಿದ್ಯಲ್ಲ, ಆಗ ಬಾಯಿತ್ತು. ಈಗೆಲ್ಲಿ ಹೋಯ್ತು?

ಮತ್ತೆ ವಾಸಿತಿ... ಮೊನ್ನೆ ಹೆರಿಗೆ ಕಷ್ಟ ಆದಾಗ ಹಳೇ ಕಂಪ್ಯೂಟರ್ ಕೈಕೊಟ್ಟು, ಡಾಕ್ಟರ್ ಸಿಗದೆ, ಒಬ್ಬಳೇ ಆರು ಗಂಟೆ ಒದ್ದಾಡಿದ್ಲು ಅಂತ ನೀನೇ ಅತ್ಯಲ್ಲ. ಅವಳಿಗೋಸ್ಕರ ಆದ್ರೂ ಹಾಕೋ ಮಾರಾಯ.

ಏನದು? ಜೇಬಲ್ಲಿ ಏನು ತಡಕಾಡ್ತೀಯ? ಪೆನ್ನು ಕೈಯಲ್ಲೇ ಇದ್ಯಲ್ಲ...

ಬಿಸ್ಕತ್ ಕಾಗದ. ಹಹ್ಹ! ಕಸ ಗುಡಿಸಿದ್ದು ತೋರಿಸೋಕೆ ತಂದ್ಯಾ?... ಹ್ಞೂಂ, ಮಡಚಿದೆ. ನಾನೇ ಮಡಚಿದ್ದು. ಕಂಪ್ಯೂಟರಿಗೆ ಸಿಕ್ಕಿಸೋ ಟೆಸ್ಟ್ ವೈರಿನ ಕ್ಲಿಪ್ ಮುರಿದು ಮೂರು ತಿಂಗಳಾಯ್ತು, ಹೊಸದು ಬರಲ್ಲ, ಸಡಿಲ ಆಗದೇ ಇರ್ಲಿ ಅಂತ ತೂತಿಗೆ ತುರುಕೋದು. ಎಲ್ಲರೂ ಮಾಡ್ತಾರೆ. ನೀನೂ ಮಾಡ್ತೀಯ. ಮೇಜಿನ ಕೆಳಗೆ ಸಿಕ್ತಾ? ಇವತ್ತು ಬಿದ್ದಿರುತ್ತೆ ಬಿಡು. ನಿನ್ನೆ ಬಿದ್ದಿರುತ್ತೆ... ತಲೆ ಯಾಕೆ ಅಲ್ಲಾಡಿಸ್ತೀಯ?

ಬುಧವಾರನಾ?... ಊಟಕ್ಕೆ ಎದ್ದಾಗ? ಕಸ ಅಂತ ಜೇಬಿಗೆ ಹಾಕ್ಕೊಂಡ್ಯಾ?

ನೋಡು, ಅದಕ್ಕೂ ಇದಕ್ಕೂ... ಕಾಗದ ಬಿದ್ರೆ ವೈರೂ ಬೀಳ್ಬೇಕು ಅಂತೇನಿಲ್ಲ! ಬಿದ್ರೂ ನನಗೆ ಗೊತ್ತಾಗ್ತಿರ್ಲಿಲ್ವಾ? ವೈರೇ ಇಲ್ದಿದ್ರೆ ಅದು... ಅದು...

ಸುಮ್ಮನಿರುತ್ತೆ. ಹೌದಪ್ಪಾ. ಯಾರು ಏನು ಕೂಗಿದ್ರೂ ಸುಮ್ಮನೇ ಇರುತ್ತೆ. ಕಿವೀನೇ ಇಲ್ವಲ್ಲ ಅದಕ್ಕೆ.

ಹಂಗೆ ನೋಡ್ಬೇಡ್ವೋ. ಬೈಯಿ. ಹಂದಿ ಅನ್ನು, ಕಳ್ಳ ಅನ್ನು, ನಿಮ್ಮೂರಿನವರೆಲ್ಲ ಇಷ್ಟೇ ಅನ್ನು, ದಿನಾ ಅನ್ನಲ್ವಾ?... ಬೇಕಂತ ಮಾಡಿದ್ದಲ್ಲ ಕಣೋ. ಕೇಕ್ ತಿಂದು ಬಂದ್ಮೇಲೆ ನೋಡ್ದೆ. ವೈರು ಸಿಕ್ಕಿಸೋ ತೂತಿನ ಹಸಿರು ದೀಪ ಆರಿತ್ತು. ವೈರನ್ನ ಬೆರಳಲ್ಲಿ ಒತ್ತಿ ಹಿಡ್ಕೊಂಡು ಒಂದೇ ಒಂದು ಪರೀಕ್ಷೆ ಹಾಕ್ದೆ. ಒಂದೇ...

ಹೋಯ್ತು ಭಾವ. ದಾಸಯ್ಯ ಕೂಗಿದ ತಕ್ಷಣ ಅವನ ಹಿಂದೇನೇ ಹೋಯ್ತು. ಆ ಕಡೆ ಡಾಕ್ಟರೂ ಇಲ್ಲ, ಯಾರೂ ಇಲ್ಲ. ಹಾಳೆ ಆಗ್ಲೇ ಸಾಹೇಬ್ರ ಮೇಜಿನ ಮೇಲಿತ್ತು. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿ ಆಗಿತ್ತು. ನನ್ನ ಹಲ್ಲಲ್ಲಿ ಇನ್ನೂ ಕೇಕ್ ಇತ್ತು ಕಣೋ... ಹೋಗಿ ಏನಂತ ಹೇಳ್ಲಿ? ನಾಚಿಕೆ ಆಯ್ತು. ಅಷ್ಟೇ. ಎರಡು ದಿನ ನಾಚಿಕೇನ ನುಂಗ್ಕೊಂಡು, ಇವತ್ತು ನಿನ್ನ ಕೈಗೆ ಪೆನ್ನು ಕೊಟ್ಟೆ. ನಿನ್ನ ಸ್ವಂತ ತಂಗಿ ಇರೋ ಜಾಗಕ್ಕೆ...

ಒಂದು ಬೈಗುಳನಾದ್ರೂ ಬೈಯೋ!

ಇಲ್ವಾ?... ಸುಮ್ಮನಿದ್ರೆ ಪಾಸು ಅಂದೆ ಅಲ್ವಾ ನಾನು? ನೀನು ಸುಮ್ಮನಿದ್ದೀಯ. ನಾನು ಪಾಸಾ, ಭಾವ?

...

ಸರಿ. ಪೆನ್ನು ಕೆಳಗಿಡು. ಹಡಗಿನವರಿಗೆ ಫೋನ್ ಮಾಡಿ ನಮ್ಮ ಪೆಟ್ಟಿಗೆ ಬರಲ್ಲ ಅನ್ನು. ಆ ಬಿಸ್ಕತ್ ಕಾಗದ ಇಲ್ಲಿ ಕೊಡು... ಕೊಡೋ, ಹರಿದು ಎಸೆಯಲ್ಲ. ಮುನ್ಸಾಮಿ ಸಾಹೇಬ್ರಿಗೆ ತೋರಿಸ್ಬೇಕು.