ಅಕ್ಕ ತಂಗಿ ಎದುರುಬದುರು ಕೂರದ ಮಣೆ

ಈ ಸಭೆಯ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರಾದ ಜಯಸಿಂಹರಾಯರೇ, ವೇದಿಕೆಯ ಮೇಲಿರುವ ಹಿರಿಯರೇ, ವಾರ್ಷಿಕ ವರದಿಯನ್ನು ಈಗತಾನೆ ಓದಿ ಮುಗಿಸಿದ ಕಾರ್ಯದರ್ಶಿ ಸತ್ಯಮೂರ್ತಿಗಳೇ, ಮುಲುಂಡ್, ಭಾಂಡುಪ್ ಕಡೆಗಳಿಂದ ಲೋಕಲ್ ಹಿಡಿದು ಬಂದಿರುವ ಸಭಿಕರೇ, ತಾಯಂದಿರೇ,

ನನ್ನ ಹೆಸರು ಪೂವಪ್ಪ. ಭಾಂಡುಪ್‌ನಲ್ಲಿ ಕಾರ್ಖಾನೆಯ ಗೇಟಿನ ಎದುರು ಕ್ಯಾಂಟೀನು ನಡೆಸುವವನು. ನಿಮ್ಮಲ್ಲಿ ಅರ್ಧ ಜನ ನನ್ನ ಚಹಾ ಕುಡಿದಿದ್ದೀರಿ. ಉಳಿದರ್ಧ ಜನ ಅದರ ವಿಷಯ ಕೇಳಿ ಎಚ್ಚೆತ್ತುಕೊಂಡಿದ್ದೀರಿ. ಚೆನ್ನೆಮಣೆ ಆಡುವುದು ಹೇಗೆಂದು ಹತ್ತು ನಿಮಿಷ ಹೇಳಿ, ಆಮೇಲೆ ಗೆದ್ದವರಿಗೆ ಕಪ್ಪು ಕೊಡಬೇಕು ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಹೇಳುತ್ತೇನೆ. ಆದರೆ ಸಮಾಧಾನದಿಂದ ಹೇಳುತ್ತೇನೆ ಎಂದು ಮಾತು ಕೊಡಲಾರೆ. ಆ ವರದಿ ಕೇಳಿದ ಮೇಲೆ ನನ್ನ ಮೈ ಉರಿಯುತ್ತಿದೆ.

ವರದಿಯಲ್ಲಿ ಏನಿದೆ? 'ಮಹಿಳೆಯರ ಚೆನ್ನೆಮಣೆ ಸ್ಪರ್ಧೆಯ ಕೊನೆಯ ಪಂದ್ಯದಲ್ಲಿ ಶ್ರೀಮತಿ ಅಕ್ಕು ಮತ್ತು ಶ್ರೀಮತಿ ವಸಂತಿ ಸೋಲಿನ ಭಯದಿಂದ ಹಿಂದೆ ಸರಿದುದರಿಂದ, ಮೂರನೆಯವರಾದ ಶ್ರೀಮತಿ ಸುಮಿತ್ರಾ ಜಯಸಿಂಹ ಅವರನ್ನು ವಿಜೇತರೆಂದು ಸಾರಲಾಯಿತು.' ಸೋಲಿನ ಭಯದಿಂದ! ನಾಳೆ ಇದು ಅಚ್ಚಾಗುತ್ತದೆ. ನಾಡಿದ್ದು ಅಂಚೆಯಲ್ಲಿ ಊರಿಗೆ ಹೋಗುತ್ತದೆ. ಅಕ್ಕುವಿನ ತಾಯಿಗೆ ಓದು ಬರುವುದಿಲ್ಲ, ಆದರೆ ಓದಿ ಹೇಳುವವರು ಊರಿನಲ್ಲಿ ಎಷ್ಟು ಮಂದಿ ಬೇಕು? ಆ ಒಂದು ಸಾಲು ಹೋಗುವವರೆಗೆ ನಾನು ಈ ಕಪ್ಪನ್ನು ಮುಟ್ಟುವುದಿಲ್ಲ.

ಮೊದಲು ಆಟ ಕೇಳಿ. ಒಂದು ಮರದ ಮಣೆ. ಅದರಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಈ ಸಾಲು ನಿಮ್ಮದು, ಆ ಸಾಲು ಎದುರಿನವರದು. ಗುಳಿಗೆ ನಾಲ್ಕು ಕಾಯಿ. ಕರಾವಳಿಯ ನಮ್ಮೂರಲ್ಲಿ ಕೆಂಪು ಮಂಜೊಟ್ಟಿ ಬೀಜ, ಇಲ್ಲಿ ಹುಣಸೆಬೀಜ. ಮೈಸೂರು ಸೀಮೆಯ ನೀವು ಇದನ್ನೇ ಅಳಗುಳಿಮಣೆ ಎನ್ನುತ್ತೀರಿ, ಕೆಲವರು ಐದೈದು ಹಾಕುತ್ತೀರಿ. ಇರಲಿ. ನವೆಂಬರಿನಲ್ಲಿ ನಾವೂ ನೀವೂ ಒಂದೇ ರಾಜ್ಯದವರಾದೆವು. ರಾಜ್ಯ ಒಂದಾಗಿ ಒಂದೂವರೆ ತಿಂಗಳಾಯಿತು, ಮಣೆ ಒಂದಾಗಲು ಇನ್ನೂ ಸ್ವಲ್ಪ ಹೊತ್ತು ಬೇಕು.

ನಿಮ್ಮ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಬಲಕ್ಕೆ ಒಂದೊಂದಾಗಿ ಹಾಕುತ್ತ ಸುತ್ತಬೇಕು. ನಿಮ್ಮ ಗುಳಿ, ಎದುರಿನವರ ಗುಳಿ ಎಂಬ ಭೇದವಿಲ್ಲ. ಕೈ ಬರಿದಾದರೆ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಾಕಿ. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ನಿಮ್ಮದು. ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ನಡುವೆ ಯಾವ ಗುಳಿಯಲ್ಲಾದರೂ ನಾಲ್ಕು ಕೂಡಿದರೆ ಅದು ಆ ಸಾಲಿನ ಒಡತಿಗೆ. ಬೀಜ ಎಣಿಸುವುದು ಕಣ್ಣಿನಿಂದಲ್ಲ, ಬೆರಳಿನಿಂದ. ಅಕ್ಕು ಗುಳಿಯ ಮೇಲೆ ಕೈ ಆಡಿಸಿದರೆ ಸಾಕು, ಮೂರು ಸುತ್ತು ಆಚೆ ಯಾವ ಗುಳಿಯಲ್ಲಿ ನಿಲ್ಲುತ್ತೇನೆಂದು ಅವಳಿಗೆ ಗೊತ್ತು. ನನ್ನ ಕ್ಯಾಂಟೀನಿನಲ್ಲಿ ದಿನಕ್ಕೆ ಎರಡು ಹೊತ್ತು ಹಿಟ್ಟು ರುಬ್ಬುವ ಕೈ ಅದು. ಆ ಕೈಗೆ ಭಯವೇ?

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಒಂದು ಆಟ ಮುಗಿದ ಮೇಲೆ ಗೆದ್ದುಕೊಂಡ ಕಾಯಿಗಳಿಂದ ಇಬ್ಬರೂ ತಮ್ಮ ತಮ್ಮ ಗುಳಿಗಳನ್ನು ಮತ್ತೆ ತುಂಬಿಸಬೇಕು. ಸೋತವಳಿಗೆ ತುಂಬಿಸಲು ಸಾಲದು. ತುಂಬದ ಗುಳಿ ಬರಿದಾಗಿಯೇ ಉಳಿಯಬೇಕು. ಬರಿದು ಗುಳಿಗಳನ್ನು ಇಟ್ಟುಕೊಂಡೇ ಅವಳು ಮುಂದಿನ ಆಟ ಆಡಬೇಕು. ಹೀಗೆ ಒಂದು ಗುಳಿ, ಎರಡು ಗುಳಿ, ನಾಲ್ಕು ಗುಳಿ ಬರಿದಾಗುತ್ತ ಹೋಗಿ, ಕೊನೆಗೆ ಒಬ್ಬಳ ಇಡೀ ಸಾಲು ಖಾಲಿಯಾದಾಗ ಆಟ ನಿಲ್ಲುತ್ತದೆ. ಇದು ಓಟದ ಪಂದ್ಯದಂತಲ್ಲ ಸ್ವಾಮಿ. ಎದುರು ಕುಳಿತವಳನ್ನು ನಿಧಾನವಾಗಿ ಬರಿದು ಮಾಡುವ ಆಟ.

ಅದಕ್ಕೇ ನಮ್ಮಲ್ಲಿ ಅಕ್ಕ ತಂಗಿ ಚೆನ್ನೆಗೆ ಎದುರುಬದುರು ಕೂರುವುದಿಲ್ಲ. ನಮ್ಮದು ಹೆಣ್ಣಿನ ಕಡೆಯಿಂದ ಮನೆ ನಡೆಯುವ ಜನ. ಅಕ್ಕ ತಂಗಿ ಸೇರಿ ಒಂದು ಮನೆ. ಆ ಮನೆಯ ಒಬ್ಬಳು ಇನ್ನೊಬ್ಬಳ ಗುಳಿ ಬರಿದು ಮಾಡಿ ನಗಬಾರದು, ಆಟಕ್ಕಾದರೂ ಕೂಡದು. ಸತ್ಯಮೂರ್ತಿಗಳೇ, ನೀವು ಬಹಳ ಓದಿದವರು. ಇದನ್ನು ಮೂಢನಂಬಿಕೆ ಎಂದಿರಿ. ಹಾಗಾದರೆ ಬುದ್ಧಿವಂತಿಕೆ ಯಾವುದು?

ಅಕ್ಕು, ವಸಂತಿ ಒಡಹುಟ್ಟಿದವರು. ಇಬ್ಬರ ಹೆಸರನ್ನೂ ಸ್ಪರ್ಧೆಗೆ ಕೊಟ್ಟವನು ನಾನೇ. ನಡುವೆ ಒಬ್ಬಳಾದರೂ ಸೋಲುತ್ತಾಳೆ, ಪ್ರಶ್ನೆಯೇ ಏಳುವುದಿಲ್ಲ ಎಂದುಕೊಂಡಿದ್ದೆ. ಅವರು ಸೋಲಲಿಲ್ಲ. ಅದು ಅವರ ತಪ್ಪೇ? ಕೊನೆಯ ಪಂದ್ಯದ ದಿನ ಚಾಪೆ ಹಾಸಿ ಮಣೆ ಇಟ್ಟರು. ಇಬ್ಬರೂ ನಿಂತೇ ಇದ್ದರು.

ಸತ್ಯಮೂರ್ತಿಗಳು ಗಡಿಯಾರ ನೋಡಿದರು. "ಏನ್ರಮ್ಮಾ, ಕೂತ್ಕೊಳ್ಳಿ, ಹೊತ್ತಾಯ್ತು."

"ಅವಳು ನನ್ನ ತಂಗಿ ಮಾರಾಯ್ರೆ," ಎಂದಳು ಅಕ್ಕು.

"ತಂಗಿಯಾದ್ರೆ ಇನ್ನೂ ಒಳ್ಳೇದಾಯ್ತಲ್ಲ! ಕಪ್ಪು ಮನೇಲೇ ಉಳಿಯುತ್ತೆ."

"ಎಂತ ಕಪ್ಪು? ನಾವು ಕೂರುದಿಲ್ಲ. ಬೇಕಾದ್ರೆ ನೀವೇ ಕೂರಿ," ಎಂದಳು ವಸಂತಿ.

ಹಿಂದಿನಿಂದ ಯಾವನೋ ಒಬ್ಬ, "ಅರೆ ಖೇಲೋ ನಾ ಮೌಶಿ, ಡರ್ ಗಯೀ ಕ್ಯಾ?" ಎಂದು ಕೂಗಿದ. ಹೆದರಿದೆಯಾ ಎಂಬ ಆ ಮಾತಿಗೆ ಎಲ್ಲರೂ ನಕ್ಕರು. ಆ ನಗುವೇ ಇವತ್ತು ವರದಿಯಾಗಿದೆ.

ಸುಮಿತ್ರಮ್ಮನವರು ನಗಲಿಲ್ಲ, ಅದನ್ನು ಹೇಳಲೇಬೇಕು. ಅಧ್ಯಕ್ಷರ ಮಡದಿಯಾದರೂ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿದರು: "ಪೂವಪ್ಪನೋರೆ, ಅಕ್ಕು ನನ್ನನ್ನ ಅರ್ಧ ಗಂಟೇಲಿ ಬರಿಗೈ ಮಾಡಿದ್ಲು. ಆ ಕಪ್ಪನ್ನ ನಾನು ಯಾವ ಮುಖ ಇಟ್ಕೊಂಡು ಹಿಡೀಲಿ?"

ಆ ದಿನ ನೀನೇನು ಮಾಡುತ್ತಿದ್ದೆ ಪೂವಪ್ಪ ಎಂದು ನೀವು ಕೇಳಬಹುದು. ಸಮಿತಿಯವರ ಜೊತೆ ಬೆಂಚಿನ ಮೇಲೆ ಕುಳಿತಿದ್ದೆ. ಎದ್ದು ಹೋಗಿ ಅಕ್ಕುವಿನ ಕಿವಿಯಲ್ಲಿ ಹೇಳಿದೆ: "ಇದು ಬೊಂಬಾಯಿ ಅಕ್ಕು. ಇಲ್ಲಿ ಯಾರು ನೋಡ್ತಾರೆ? ಕೂತುಬಿಡು."

ಅವಳು ನನ್ನ ಮುಖ ನೋಡಿದಳು. "ನೀವು ದೂಜಣ್ಣನ ಎದುರು ಕೂತಿರಿ ಅಂತ ನಾನೂ ಕೂರ್ಬೇಕಾ ಪೂವಪ್ಪಣ್ಣ?"

ದೂಜ ನನ್ನ ತಮ್ಮ. ನಾವಿಬ್ಬರೂ ಚೆನ್ನೆ ಆಡಿದವರಲ್ಲ. ಒಂದೇ ಟ್ರಂಕು ಹೊತ್ತುಕೊಂಡು ಈ ಊರಿಗೆ ಬಂದೆವು, ಒಂದೇ ನಲ್ಲಿಯ ಕೆಳಗೆ ಕಪ್ಪು ಬಸಿ ತೊಳೆದೆವು, ಸೇರಿ ಈ ಕ್ಯಾಂಟೀನು ಹಾಕಿದೆವು. ಚಹಾ ಅವನದು. ಮಾತೂ ಅವನದು. ಪಾಳಿ ಬಿಟ್ಟ ಕೂಡಲೇ ಕೆಲಸಗಾರರು "ದೂಜಾ, ಏ ದೂಜಾ" ಎಂದು ಕೂಗುತ್ತ ಬರುತ್ತಿದ್ದರು. ನನ್ನ ಹೆಸರು ಹಿಡಿದು ಯಾರೂ ಬರುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಲೈಸೆನ್ಸಿನ ಕಾಗದ ಬಂತು. ಅವನಿಗೆ ಓದು ಬಾರದು. ಇದರಲ್ಲಿ ಒಬ್ಬರ ಹೆಸರಿಗೆ ಮಾತ್ರ ಜಾಗ ಇದೆ ಎಂದೆ.

ಇತ್ತು ಸ್ವಾಮಿ. ಇಬ್ಬರ ಹೆಸರಿಗೂ ಜಾಗ ಇತ್ತು.

"ನೀನು ದೊಡ್ಡವನಲ್ಲ, ನಿನ್ನದೇ ಹಾಕು ಅಣ್ಣ," ಎಂದ ಅವನು. ಆರು ತಿಂಗಳಿಗೆ ನಾನು ಯಜಮಾನನಾದೆ, ಅವನು ಕೆಲಸದವನಾದ. ಒಂದು ದಿನ ಎಲ್ಲರೆದುರು ನಾನು ಅವನನ್ನು ಹಾಗೆಯೇ ಕರೆದೆ. ಅವನು ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು ಹೋದ. ಈಗ ಕಾಂದಿವಲಿಯಲ್ಲಿ ಯಾರದೋ ಹೋಟೆಲಿನಲ್ಲಿ ಭಟ್ಟಿಯ ಮುಂದೆ ನಿಂತಿದ್ದಾನೆ. ಆ ದಿನ ಕ್ಯಾಂಟೀನಿನಲ್ಲಿ ಹಿಟ್ಟು ರುಬ್ಬುತ್ತಿದ್ದವಳು ಇದೇ ಅಕ್ಕು.

ನಾನು ಇದನ್ನು ಹೇಳಬೇಕೆಂದು ಬಂದವನಲ್ಲ. ಆಟದ ವಿಷಯ ಹೇಳಲು ಬಂದವನು. ಆದರೆ ಸೋಲಿನ ಭಯ ಎಂದು ಬರೆದಿದ್ದೀರಲ್ಲ, ಅದರ ಗುರುತು ಈ ಸಭಾಂಗಣದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಇಲ್ಲ. ಆ ಭಯ ಇರುವವನು ಹಿಂದೆ ಸರಿಯುವುದಿಲ್ಲ. ಮುಂದೆ ಹೋಗಿ ಕೂರುತ್ತಾನೆ. ಕೊನೆಯ ಕಾಯಿಯವರೆಗೆ ಆಡುತ್ತಾನೆ. ಹಿಂದೆ ಸರಿಯಲು ಬೇರೆ ಗುಂಡಿಗೆ ಬೇಕು. ಅದು ಹಿಂದಿನ ಸಾಲಿನಲ್ಲಿ ಕುಳಿತಿರುವ ಆ ಇಬ್ಬರು ಹೆಂಗಸರಿಗಿದೆ.

ಸತ್ಯಮೂರ್ತಿಗಳೇ, ಪೆನ್ನು ತೆಗೆಯಿರಿ. ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ, ನೋಡಿ. ಆ ಸಾಲು ಹೊಡೆಯಿರಿ. ಹಾಗಲ್ಲ, ಓದಲು ಬಾರದ ಹಾಗೆ ಹೊಡೆಯಿರಿ. ಈಗ ಬರೆಯಿರಿ: 'ಅಕ್ಕು ಮತ್ತು ವಸಂತಿ ಅಕ್ಕತಂಗಿಯರಾದುದರಿಂದ ಪರಸ್ಪರ ಆಡಲು ಒಪ್ಪಲಿಲ್ಲ.' ಅಷ್ಟು ಸಾಕು. ಹೊಗಳಿಕೆ ಬೇಡ, ಅವರಿಗೆ ಮುಜುಗರವಾಗುತ್ತದೆ.

ಆಯಿತೇ? ಸುಮಿತ್ರಮ್ಮನವರೇ, ತಾವು ಬನ್ನಿ. ಈ ಕಪ್ಪನ್ನು ಯಾರಿಗೆ ಕೊಡಬೇಕೆಂದು ತಾವೇ ಕೊಟ್ಟು ತೋರಿಸಿ. ನನ್ನ ಕೈ ಅದಕ್ಕೆ ಬೇಡ.

ಇಷ್ಟು ಹೊತ್ತು ನನ್ನ ಕೂಗಾಟ ಸಹಿಸಿದ ಅಧ್ಯಕ್ಷರಿಗೂ, ಬರೆದದ್ದನ್ನು ಹೊಡೆದ ಕಾರ್ಯದರ್ಶಿಗಳಿಗೂ, ನಗದೆ ಕೇಳಿದ ನಿಮಗೂ ನಾನು ಋಣಿ. ಭಾಂಡುಪ್‌ನವರಿಗೆ ಒಂದು ಸೂಚನೆ: ನಾಳೆ ನನ್ನ ಕ್ಯಾಂಟೀನು ಮುಚ್ಚಿರುತ್ತದೆ. ಬೆಳಗಿನ ಲೋಕಲಿನಲ್ಲಿ ದಾದರಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಕಾಂದಿವಲಿಯಲ್ಲಿ ಇಳಿಯಬೇಕು. ದೂಜ ಮಾತಾಡಿಸುತ್ತಾನೋ ಇಲ್ಲವೋ ತಿಳಿಯದು. ಚಹಾ ಬೇಕಾದವರು ಒಂದು ದಿನ ಮನೆಯಲ್ಲೇ ಕುಡಿದು ಬನ್ನಿ.

ಎಲ್ಲರಿಗೂ ನಮಸ್ಕಾರ.